ಸಮೃದ್ಧಿ ಮಾಡಿದ ಪೆಟ್ಟಿಗೆ

ಖಾನಾಪುರದ ಮಹಿಳಾ ಸಂಘದ ಅನುರಾಧಾ ಫೋನ್ ಮಾಡಿ, ಹನ್ನೆರಡು ಹೆಣ್ಣುಮಕ್ಕಳಿಗೆ ಬಡಿಗತನ ಕಲಿಸಲು ಬರ್ತೀರೇನ್ರಿ ಎಂದು ಕೇಳಿದಾಗ ಬಡಿಗ ಭರಮಪ್ಪ ಹೂಂ ಅಂದುಬಿಟ್ಟ. ಫೋನಿಟ್ಟ ಮೇಲೆ ಹೆಂಡತಿ ಕಾಂತಾ ಅವನ ಮುಖವನ್ನೇ ನೋಡಿದಳು.

"ಮನಿ ಮಗಳಿಗಿ ಕಲಿಸಲಿಲ್ಲ," ಅಂದಳು. ಅಷ್ಟೇ.

ಮಗಳು ಸಮೃದ್ಧಿ ಹೋಗಿ ಎರಡು ವರ್ಷ. ಡೆಂಗ್ಯೂ ಜ್ವರ, ಐದೇ ದಿನದಲ್ಲಿ ಎಲ್ಲ ಮುಗಿದಿತ್ತು. ಹತ್ತೊಂಬತ್ತು ತುಂಬಿರಲಿಲ್ಲ. ಮಚ್ಛೆ ಊರಿನ ಮನೆಯ ಹಿಂದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಅಪ್ಪ ಕೆಲಸ ಮಾಡುವುದನ್ನೇ ನೋಡುತ್ತಿದ್ದಳು. ಒಮ್ಮೆ ಉಳಿ ಎತ್ತಿಕೊಂಡಾಗ ಭರಮಪ್ಪ ಕಸಿದುಕೊಂಡು, "ಇದು ಹೆಣ್ಮಕ್ಕಳ ಕೆಲಸ ಅಲ್ಲವ್ವಾ, ಒಳಗ ಹೋಗು" ಎಂದಿದ್ದ.

ಪಾಠಕ್ಕೆ ನಾಲ್ಕು ದಿನ ಉಳಿದಿತ್ತು. ಸಾಗವಾನಿ ತುಂಡುಗಳನ್ನು ಒಂದೇ ಅಳತೆಗೆ ಕೊಯ್ದ. ಉಳಿಗಳನ್ನು ಸಾಣೆ ಹಿಡಿದ. ಮೂವತ್ತು ವರ್ಷ ಕೈ ಮಾಡಿದ್ದನ್ನು ಬಾಯಲ್ಲಿ ಹೇಳುವುದು ಮಾತ್ರ ಒಗ್ಗಲಿಲ್ಲ. ಏನೂ ಗೊತ್ತಿಲ್ಲದವರಿಗೆ ಮೊದಲು ಏನು ಹೇಳಬೇಕು? ನೋಟ್‌ಬುಕ್ಕಿನಲ್ಲಿ ಬರೆದ, ಹರಿದ, ಮತ್ತೆ ಬರೆದ.

ಕಾಂತಾ ಅದನ್ನು ನೋಡಿ ಒಳಗೆ ಹೋದಳು. ಟ್ರಂಕಿನ ತಳದಿಂದ, ಹಳೆ ಸೀರೆಯಲ್ಲಿ ಸುತ್ತಿದ್ದ ಪುಟ್ಟ ಮರದ ಪೆಟ್ಟಿಗೆಯೊಂದನ್ನು ತಂದು ಅವನ ಮುಂದಿಟ್ಟಳು.

"ಆಕಿ ಮಾಡಿದ್ದು. ನೀವು ಜಾಂಬೋಟಿಗಿ ಕೆಲಸಕ್ಕ ಹೋದಾಗೆಲ್ಲ ಶೆಡ್ಡಿನ್ಯಾಗ ಕುಂತು ಮಾಡ್ಯಾಳ. ಅಪ್ಪಗ ಹೇಳಬ್ಯಾಡ ಅಂದಿದ್ಲು."

ಭರಮಪ್ಪ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದ. ನಾಲ್ಕೂ ಮೂಲೆಯ ಜೋಡಣೆ ಸಡಿಲ. ಸಂದಿಗೆ ಮರದ ಪುಡಿ, ಅಂಟು ಕಲಸಿ ತುಂಬಿದ್ದಳು. ಅಳತೆಗೆ ಎಳೆದ ಪೆನ್ಸಿಲ್ ಗೆರೆಯನ್ನೇ ಗರಗಸ ತಿಂದುಬಿಟ್ಟಿತ್ತು. ಗೆರೆಯ ಹೊರಮಗ್ಗಲಿಗೆ ಕೊಯ್ಯಬೇಕು, ಗೆರೆ ಉಳಿಯಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ನಿಮಿಷದ ಮಾತು ಅದು. ಅದೇ ತಪ್ಪನ್ನು ನಾಲ್ಕು ಸಲ ಮಾಡಿ, ನಾಲ್ಕು ಸಲವೂ ಒಬ್ಬಳೇ ಸರಿಪಡಿಸಲು ಹೆಣಗಿದ್ದಳು. ಅವನು ಹೆಬ್ಬೆರಳಿನಿಂದ ಒಂದೊಂದೇ ಸಂದಿಯನ್ನು ಸವರಿದ.

"ಇದನ್ನ ಖಾನಾಪುರಕ್ಕ ಒಯ್ಯಲೇನು? ಅವರಿಗಿ ತೋರಿಸ್ತೀನಿ," ಎಂದ ಕೊನೆಗೆ.

"ಬ್ಯಾಡ್ರಿ. ಆಕಿ ತಪ್ಪು ಮಂದಿಗಿ ಯಾಕ ತೋರಿಸ್ತೀರಿ?" ಕಾಂತಾ ಪೆಟ್ಟಿಗೆಯನ್ನು ಮತ್ತೆ ಸೀರೆಯಲ್ಲಿ ಸುತ್ತಿದಳು.

ರವಿವಾರ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಎರಡು ಚೀಲ ಸಾಮಾನು ಹೊತ್ತು ಖಾನಾಪುರದಲ್ಲಿ ಬಸ್ಸಿಳಿದ. ಸಂಘದ ಪಡಸಾಲೆಯಲ್ಲಿ ಹನ್ನೆರಡು ಮಂದಿ ಕಾದಿದ್ದರು. ಅರ್ಧ ಮಂದಿ ಮರಾಠಿಯವರು. ಎರಡೂ ಭಾಷೆಯಲ್ಲಿ ಮೊದಲು ಗೆರೆಯ ಮಾತನ್ನೇ ಹೇಳಿದ. ಅದನ್ನೇ ಮೊದಲು ಹೇಳಬೇಕೆಂದು ಯಾರಿಂದ ತಿಳಿಯಿತು ಎಂದು ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪ್ರಮಿಳಾ ಎಂಬ ಹುಡುಗಿ ತಾನು ಕೊಯ್ದ ತುಂಡು ಹಿಡಿದು ಬಂದಳು. "ಸರ್, ಗೆರಿ ಉಳದೈತಿ ನೋಡ್ರಿ."

"ಚಲೋ ಆಗೇತಿ ತಂಗಿ," ಎಂದವನು ನೀರು ಕುಡಿದು ಬರ್ತೀನಿ ಅಂತ ಹಿತ್ತಲಿಗೆ ಹೋದ. ನಳ ಬಿಟ್ಟು ಮುಖ ತೊಳೆದ, ಮತ್ತೆ ತೊಳೆದ. ಆಮೇಲೆ ಟವೆಲ್ಲಿನಿಂದ ಒರೆಸಿಕೊಂಡು ಒಳಗೆ ಬಂದು, ಉಳಿದವರು ಕೊಯ್ದದ್ದನ್ನು ನೋಡತೊಡಗಿದ.