ಅರ್ಧಕ್ಕೆ ಇಳಿಸಿದ ನೀರು

ಅಡುಗೆಮನೆಯ ಕಟ್ಟೆಯ ಕೆಳಗೆ ತಲೆ ತೂರಿಸಿದ್ದ ನೀರಿನ ಇಲಾಖೆಯವನು ಜೇಬಿನಿಂದ ಒಂದು ನಾಣ್ಯ ತೆಗೆದು ಪೈಪನ್ನು ಕೆರೆದ. ಮಾಸಲು ಬೂದು ಬಣ್ಣ ಸಲೀಸಾಗಿ ಕಿತ್ತುಬಂದು ಒಳಗಿನ ಲೋಹ ಬೆಳ್ಳಗೆ ಹೊಳೆಯಿತು.

"ಸೀಸ," ಎಂದ ಅವನು, ಸೊಂಟ ಹಿಡಿದುಕೊಂಡು ಎದ್ದು ನಿಲ್ಲುತ್ತ. "ಮನೆ ಕಟ್ಟಿದ ಕಾಲದ ಪೈಪು. ನೀರು ನಿಂತಷ್ಟೂ ಹೊತ್ತು ಇದು ಸ್ವಲ್ಪಸ್ವಲ್ಪ ಬಿಡ್ತಾ ಇರುತ್ತೆ. ಬಣ್ಣ ಇಲ್ಲ, ರುಚಿ ಇಲ್ಲ, ಗೊತ್ತಾಗೋದಾದ್ರೂ ಹೇಗೆ?"

ಮನೆಯ ಮೂವರೂ ಅವನ ಬಾಯನ್ನೇ ನೋಡುತ್ತ ನಿಂತಿದ್ದರು: ಬಸ್ಸು ಓಡಿಸುವ ಗಂಡ, ಅವನ ಹೆಂಡತಿ, ಅವನ ತಾಯಿ. ಮಗಳು ಗುಬ್ಬಿಗೆ ಎರಡೂವರೆ ತುಂಬಿದರೂ ನಾಲ್ಕು ಮಾತು ನೆಟ್ಟಗೆ ಬರುತ್ತಿರಲಿಲ್ಲ, ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರಿಗೆ ತೋರಿಸಿದರೆ ರಕ್ತದಲ್ಲಿ ಸೀಸ ಇದೆ ಎಂದಿದ್ದರು. ಎಲ್ಲಿಂದ ಬಂತು ಎಂದು ಹುಡುಕಲು ಇವನು ಬಂದಿದ್ದ.

"ಮಗುಗೆ ಯಾವ ನೀರು ಕೊಡ್ತಿದ್ರಿ?"

"ಇದೇ ನಲ್ಲೀದು. ಆದ್ರೆ ಕುದಿಸೀನೇ ಕೊಡ್ತಿದ್ವಿ. ಅರ್ಧಕ್ಕೆ ಇಳಿಯೋವರೆಗೂ," ಎಂದಳು ಸೊಸೆ ಥಟ್ಟನೆ. ಈ ಒಂದು ವಿಷಯದಲ್ಲಾದರೂ ತನಗೆ ಪೂರ್ತಿ ಅಂಕ ಸಿಗುತ್ತದೆಂಬ ನಂಬಿಕೆ, ಪಾಪ, ಅವಳಿಗೆ.

ಕೈ ಒರೆಸಿಕೊಳ್ಳುತ್ತಿದ್ದ ಇಲಾಖೆಯವನು ಅಲ್ಲಿಗೇ ನಿಲ್ಲಿಸಿದ.

"ಅಯ್ಯೋ, ಕುದಿಸಿದ್ರೆ ಕ್ರಿಮಿ ಸಾಯುತ್ತೆ ಕಣಮ್ಮಾ, ಸೀಸ ಎಲ್ಲಿಗೆ ಹೋಗುತ್ತೆ? ನೀರು ಆವಿಯಾಗುತ್ತೆ, ಅದು ಪಾತ್ರೇಲೇ ಉಳಿಯುತ್ತೆ. ಅರ್ಧ ನೀರು, ಪೂರ್ತಿ ಸೀಸ." ಅವರ ಮುಖಗಳನ್ನು ನೋಡಿ ದನಿ ತಗ್ಗಿಸಿದ. "ನೊಂದ್ಕೋಬೇಡಿ. ಬಹಳ ಮನೇಲಿ ಹೀಗೇ ಮಾಡ್ತಾರೆ."

ಅರ್ಧಕ್ಕೆ ಇಳಿಸಬೇಕೆಂಬ ಕಟ್ಟಪ್ಪಣೆ ಸೊಸೆಯದೇ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ಮಂದಿ ಹೊಲಿಗೆಯವರನ್ನು ಕಣ್ಸನ್ನೆಯಲ್ಲೇ ನಡೆಸುವವಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಮರಳುವಾಗ ಮನೆಗೂ ಅದೇ ಶಿಸ್ತು ತಂದಿದ್ದಳು. ಅತ್ತೆ ಗೊಣಗಿದ್ದರು: "ಒಂದು ಕುದಿ ಬಂದ್ರೆ ಸಾಕಲ್ವೇನೇ? ನಿನ್ನ ಗಂಡನ್ನ ನಾನು ತಣ್ಣೀರಲ್ಲೇ ಬೆಳೆಸಿದ್ದು."

"ಕಾಣ್ತಿದ್ಯಲ್ಲ ಅತ್ತೆ, ಹೇಗೆ ಬೆಳೆದಿದಾರೆ ಅಂತ!"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಆದರೆ ಅಪ್ಪಣೆ ಸಡಿಲಾಗಲಿಲ್ಲ. ಊಟದ ಬಿಡುವಿನಲ್ಲಿ ಫೋನು ಮಾಡಿ "ಅರ್ಧ ಆಯ್ತಾ?" ಎಂದು ಕೇಳದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಇಲಾಖೆಯವನು ಆಚೆ ಹೋದದ್ದೇ ತಡ, ಗಂಡ ತಾಯಿಯ ಕಡೆ ತಿರುಗಿದ. "ಯಾರಮ್ಮಾ ನಿಂಗೆ ಹಾಗೆ ಕಾಯಿಸೋಕೆ ಹೇಳಿದ್ದು? ಯಾವಾಗ ನೋಡಿದ್ರೂ ಒಲೆ ಮುಂದೆ ನಿಂತಿರ್ತಿದ್ದೆ!"

ಹೆಂಡತಿ ಬಾಯಿ ತೆರೆದಳು. 'ನಾನೇ ರೀ' ಎಂದರೆ ಮುಗಿಯುತ್ತಿತ್ತು.

"ನಾನೇ ಕಣೋ," ಎಂದರು ಅತ್ತೆ. "ನನ್ನ ಬುದ್ಧಿಗಿಷ್ಟು! ಒಂದು ಕುದಿ ಸಾಕು ಅಂತ ಇವಳು ಬಡ್ಕೊಂಡ್ಳು. ನಾನೇ ಕೇಳ್ಲಿಲ್ಲ."

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನಾಚಿಕೆಗೇಡಿನ ಮಾತೆಂದರೆ, ಆ ಗಳಿಗೆಯಲ್ಲಿ ಅವಳಿಗೆ ಹಾಯೆನಿಸಿತು.

ಗಂಡ ಹೊರಗೆ ಹೋದ ಮೇಲೆ ಅವಳು ಅತ್ತೆಯ ಪಕ್ಕದಲ್ಲಿ ಕೂತಳು. "ಯಾಕೆ ಹಾಗಂದ್ರಿ ಅತ್ತೆ?"

"ನನ್ನ ಮೇಲೆ ನಾಲ್ಕು ದಿನ ಕೂಗಾಡ್ತಾನೆ, ಹಸಿವಾದ್ರೆ ಅಮ್ಮಾ ಅಂತ ಬರ್ತಾನೆ. ನೀವಿಬ್ರೂ ಇನ್ನೂ ಬಹಳ ಕಾಲ ಬಾಳಬೇಕು. ಸುಮ್ನಿರು."

"ನಾಳೆ ಹೇಳಿಬಿಡ್ತೀನಿ ಅತ್ತೆ."

ನಾಳೆಗಳಿಗೇನು ಬರವೇ? ಮೊದಲು ಪೈಪು ಬದಲಾಯಿಸುವ ಗಡಿಬಿಡಿ. ನೆಲ ಅಗೆದು, ರಸ್ತೆಯಿಂದ ನಲ್ಲಿಯವರೆಗೆ ಹಳೆಯದನ್ನೆಲ್ಲ ಕಿತ್ತು ಹೊಸದು ಹಾಕಿದರು. ಅದು ಮುಗಿಯುವ ತನಕ ಕ್ಯಾನಿನ ನೀರು. ಆಮೇಲೆ ಮತ್ತೆ ರಕ್ತಪರೀಕ್ಷೆ. ಸೀಸ ಇಳಿಯುತ್ತಿದೆ ಎಂದರು ಡಾಕ್ಟರು. ಮಾತು ಯಾವಾಗ ಬರುತ್ತದೆ ಎಂದು ಕೇಳಿದರೆ, "ನೋಡೋಣ" ಎಂದಷ್ಟೇ ಹೇಳಿದರು. ಆ ದಿನವಂತೂ ಗಂಡನ ಮುಖ ನೋಡಲೂ ಅವಳಿಗೆ ಧೈರ್ಯವಾಗಲಿಲ್ಲ. ಅವನು ತಾಯಿಯ ಜೊತೆ ಮಾತು ಬಿಟ್ಟಿದ್ದ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಅಮ್ಮಾ ಎನ್ನುತ್ತಿರಲಿಲ್ಲ. ಅತ್ತೆಯ ಲೆಕ್ಕ ತಪ್ಪಿತ್ತು. "ಇನ್ಮೇಲೆ ಮಗುಗೆ ನೀನೇ ನೀರು ಕೊಡು. ಅವಳು ಕೊಡೋದು ಬೇಡ," ಎಂದು ತಾಯಿಗೆ ಕೇಳಿಸುವಂತೆಯೇ ಹೆಂಡತಿಗೆ ಹೇಳಿದ. ಹೆಂಡತಿ ಆಗಲೂ ಉಸಿರೆತ್ತಲಿಲ್ಲ. ತಡವಾದಷ್ಟೂ 'ನಾನೇ' ಎಂಬ ಆ ಮಾತು ಇನ್ನಷ್ಟು ಭಾರವಾಗುತ್ತಿತ್ತು.

ಒಂದು ರಜೆಯ ಬೆಳಿಗ್ಗೆ ಅವನು ಹೊರಬಾಗಿಲಲ್ಲಿ ಶೂ ಒರೆಸುತ್ತಿದ್ದ. ಗುಬ್ಬಿ ಖಾಲಿ ಲೋಟ ಹಿಡಿದು, ಅಪ್ಪನನ್ನೂ ಅಮ್ಮನನ್ನೂ ದಾಟಿ, ನೇರ ಅಜ್ಜಿಯ ಮುಂದೆ ಹೋಗಿ ನಿಂತಳು.

"ಅಜ್ಜಿ, ನೀಈ."

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಅಮ್ಮನ್ನ ಕೇಳು ಪುಟ್ಟಾ. ಅಮ್ಮ ಕೊಡ್ತಾಳೆ."

ಅಮ್ಮ ನಲ್ಲಿ ತಿರುಗಿಸಿದಳು. ಹೊಸ ಪೈಪಿನ ನೀರು ಸದ್ದು ಮಾಡುತ್ತ ಬಿತ್ತು. ಗುಬ್ಬಿ ಅತ್ತ ತಿರುಗಲೂ ಇಲ್ಲ. ಲೋಟವನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಅಜ್ಜಿಗೇ ಚಾಚಿದಳು.