ಜುಮಾನ ಬೆಳಗಿನ ಮಾತು

ಡಿಸೆಂಬರ್ ಎರಡನೆಯ ವಾರ, ಸೌದಿಯ ಹಾಯಿಲ್‌ನಲ್ಲಿ ಚಳಿ ಗಟ್ಟಿಯಾದ ಮೇಲೆ, ಬೆಳಿಗ್ಗೆ ಐದೂಮುಕ್ಕಾಲಿಗೆ ಅವನನ್ನು ತಂದರು. ನಾನು ಬೆಳಗಿನ ಪಾಳಿಗೆ ಆಗಷ್ಟೇ ಬಂದಿದ್ದೆ. ಕೈ ಬೆಚ್ಚಗಾಗಲೆಂದು ಹಿಡಿದುಕೊಂಡಿದ್ದ ಚಹಾದ ಲೋಟವನ್ನು ಕಿಟಕಿಯ ಮೇಲಿಟ್ಟು ಸ್ಟ್ರೆಚರ್ ಹಿಡಿದೆ. ಮಧ್ಯಾಹ್ನ ನೋಡುವಾಗ ಚಹಾ ಅಲ್ಲಿಯೇ ಇತ್ತು.

ಆಲೂಗಡ್ಡೆ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುವವನು. ಸೀಟಿನಲ್ಲಿಯೇ ಕುಸಿದು ಕೆಳಗೆ ಬಿದ್ದಿದ್ದ. ಅವನ ಫೋನು ಚಕ್ರದಡಿ ಹೋಗಿ ಪುಡಿಯಾಗಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಒಂದು ಬದಿಗೆ ಎಳೆದಿತ್ತು. ಇಲ್ಲಿರಲು ಕೊಡುವ ಇಕಾಮಾ ಕಾರ್ಡಿನಲ್ಲಿ ಹೆಸರು ಫ್ರೈಡೇ ಜಾನ್, ದೇಶ ನೈಜೀರಿಯಾ, ವಯಸ್ಸು ಅರುವತ್ತಾರು. ವಾರ್ಡಿನ ಅರಬರು ಶುಕ್ರವಾರಕ್ಕೆ ತಮ್ಮ ಮಾತಿನಲ್ಲಿರುವ ಹೆಸರಿಟ್ಟು ಜುಮಾ ಎಂದು ಕರೆದರು. ಅದೇ ನಿಂತಿತು.

ನಾನು ನೋಣಯ, ಮೂಲ್ಕಿಯ ಹತ್ತಿರದವನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟೆ. ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಅರುವತ್ತೆರಡು ತುಂಬಿದರೂ ಕೆಲಸದ ಹೆಸರು ವಾರ್ಡ್ ಬಾಯ್. ರೋಗಿಗಳನ್ನು ಒರೆಸುವುದು, ಮಗ್ಗುಲು ತಿರುಗಿಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು ನನ್ನ ಕೆಲಸ.

ಹತ್ತು ದಿನಕ್ಕೆ ಜುಮಾ ಕಣ್ಣುಬಿಟ್ಟ. ಅರಬ್ಬಿ ಹೋಗಿತ್ತು, ಇಂಗ್ಲಿಷೂ ಹೋಗಿತ್ತು. ಆಗೊಮ್ಮೆ ಈಗೊಮ್ಮೆ ಒಂದೆರಡು ಮಾತು ಬರುತ್ತಿತ್ತು, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಕಫೀಲ್, ಒಂದು ಪೆಟ್ಟಿಗೆ ಖರ್ಜೂರ ಹಿಡಿದುಕೊಂಡು ಬಂದ. ಹನ್ನೊಂದು ವರ್ಷದಲ್ಲಿ ಈತ ಒಮ್ಮೆಯೂ ರಜೆ ಕೇಳಿಲ್ಲ, ಮನೆಯವರ ಸುದ್ದಿ ಎತ್ತಿಲ್ಲ ಎಂದು ಹೇಳಿ, ತಲೆ ತಗ್ಗಿಸಿ ಹೋದ.

ಆಸ್ಪತ್ರೆಯ ಕಾಗದಪತ್ರ ನೋಡುವವನು ಯಹ್ಯಾ, ಭಟ್ಕಳದವನು. ಅವನು ಒಂದು ದಿನ ಫೈಲು ಹಿಡಿದು ಹಾಸಿಗೆಯ ಹತ್ತಿರ ನಿಂತ.

"ಪಾಸ್‌ಪೋರ್ಟಿನಲ್ಲಿ ಲಾಗೋಸ್ ಊರಿನ ವಿಳಾಸ ಉಂಟು. ಎಂಬೆಸಿಯವರು ಕೇಳಿ ನೋಡಿದ್ರು. ಆ ಕಟ್ಟಡವೇ ಇಲ್ಲವಂತೆ, ಕೆಡವಿ ಎಂಟು ವರ್ಷ ಆಯ್ತಂತೆ."

"ಹಾಗಾದ್ರೆ ಎಂತ ಮಾಡುವುದು?"

"ಅಲ್ಲಿ ವಿಮಾನದಿಂದ ಇಳಿಸಿಕೊಳ್ಳಲಿಕ್ಕೆ ಮನೆಯವರು ಒಬ್ಬರು ಸಹಿ ಹಾಕಬೇಕು ನೋಣಯಣ್ಣ. ಸಹಿ ಇಲ್ಲದೆ ಕಳಿಸ್ಲಿಕ್ಕಾಗುವುದಿಲ್ಲ. ಫೆಬ್ರವರಿ ಹತ್ತರವರೆಗೆ ನೋಡ್ತಾರೆ. ಆಮೇಲೆ ದೂರದ ಊರಿನ ಆಶ್ರಯ ಕೇಂದ್ರಕ್ಕೆ."

"ಅಲ್ಲಿಂದ?"

"ಅಲ್ಲಿಂದ ಅಲ್ಲಿಯೇ."

ಜುಮಾ ಗೋಡೆ ನೋಡುತ್ತಿದ್ದ.

ಔಷಧಿ ಕೊಡುವ ಈಜಿಪ್ಟಿನ ಮಿಸ್ರಿಯೊಬ್ಬ ಲಾಗೋಸಿನವರ ಭಾಷೆ ಯೊರುಬಾ ಎಂದು ಹೇಳಿದ. ಅದನ್ನು ನೆನಪಿಟ್ಟುಕೊಂಡು ಕೋಣೆಗೆ ಹೋದೆ. ನನ್ನ ಜೊತೆ ಕೋಣೆಯಲ್ಲಿರುವವನು ಶೈಲೇಶ್, ಕುಂದಾಪುರದವನು, ಏಸಿ ರಿಪೇರಿಯವನು. ಅವನಿಗೆ ನಲವತ್ತೈದು ದಾಟಿದೆ, ತಮಾಷೆ ಮಾತ್ರ ಬಿಟ್ಟಿಲ್ಲ.

"ಶೈಲೇಶ, ಫೋನಿನಲ್ಲಿ ಭಾಷೆ ಕಲಿಸುವವರು ಇರ್ತಾರಂತಲ್ಲ. ನನಗೆ ಯೊರುಬಾ ಬೇಕು."

"ಈ ಪ್ರಾಯದಲ್ಲಿ ಯಾರಿಗೆ ನೋಣಯಣ್ಣ ಪ್ರೀತಿಯ ಮೆಸೇಜು?"

"ಹಾಸಿಗೆ ಹದಿನಾಲ್ಕಕ್ಕೆ."

"ಮೊದಲು ಕನ್ನಡದಲ್ಲಿ ನಿಮ್ಮ ಸೈನು ಸರಿ ಹಾಕ್ಲಿಕ್ಕೆ ಕಲಿತುಕೊಳ್ಳಿ ಮಾರಾಯ್ರೆ" ಎಂದ. ಆದರೂ ಫೋನು ಕೈಗೆ ತೆಗೆದುಕೊಂಡು, ಭಾಷೆ ಕಲಿಸುವ ಒಂದು ಆ್ಯಪ್ ಇಳಿಸಿ, ನಾನು ಕನ್ನಡದಲ್ಲಿ ಮಾತನಾಡಿದರೆ ಅದು ಇಂಗ್ಲಿಷ್ ಆಗಿ ಹೋಗುವ ಹಾಗೆ ಮಾಡಿಕೊಟ್ಟ.

ನೈಜೀರಿಯಾದ ಇಬಾದಾನ್ ಎಂಬ ಊರಿನ ಫೋಲಾಶಾದೆ ಎಂಬ ಹೆಂಗಸು ಉತ್ತರ ಕೊಟ್ಟಳು. ಬಟ್ಟೆ ಹೊಲಿಯುವವಳು. ಅವಳ ಧ್ವನಿಯ ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಯಾವಾಗಲೂ ಇರುತ್ತಿತ್ತು. ನೀರಿಗೆ ಒಮಿ, ಮನೆಗೆ ಇಲೆ, ತಾಯಿಗೆ ಇಯಾ, ಬೆಳಗಿನ ನಮಸ್ಕಾರಕ್ಕೆ ಎ ಕಾರೊ. ಒಂದೊಂದನ್ನೂ ಮೂರು ಸಲ ನಿಧಾನವಾಗಿ ಹೇಳಿ ಕಳಿಸುತ್ತಿದ್ದಳು. ನಾನು ಅವನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಹನ್ನೆರಡು ದಿನ ಜುಮಾನಿಗೆ ಆ ಮಾತುಗಳನ್ನು ಹೇಳಿದೆ. ಅವನು ನನ್ನನ್ನೊಮ್ಮೆ ನೋಡುತ್ತಿದ್ದ, ಆಮೇಲೆ ಗೋಡೆಯನ್ನು ನೋಡುತ್ತಿದ್ದ. ಹದಿಮೂರನೆಯ ದಿನ ವಾರ್ಡಿನ ಸಿಸ್ಟರ್ ರುಮೈಸಾ ನನ್ನ ಹಿಂದೆ ಬಂದು ನಿಂತಳು. ಉಳ್ಳಾಲದವಳು, ಬಾಯಿ ಚುರುಕು.

"ನೋಣಯಣ್ಣ, ನಿಮಗೆ ಎಂತ ಮರ್ಲಾ? ಅವನು ದಿನಾ ಒಂದು ಮಾತು ಹೇಳ್ತಾನೆ, ನೀವು ದಿನಾ ಇನ್ನೊಂದು ಹೇಳ್ತೀರಿ. ಅವನು ಹೇಳುವುದನ್ನು ಆ ಹೆಂಗಸಿಗೆ ಕಳಿಸಬಾರದಾ?"

ಅದು ನನಗೆ ಹೊಳೆದಿರಲಿಲ್ಲ. ರುಮೈಸಾ ಡಾಕ್ಟರರನ್ನು ಕೇಳಿಬಂದು, ಮುಖದ ಫೋಟೋ ತೆಗೆಯಬಾರದು, ಧ್ವನಿ ಮಾತ್ರ ಎಂದಳು. ಅವನು ಆಗಾಗ ಅಮೆ, ಅಮೆ ಎನ್ನುತ್ತಿದ್ದುದನ್ನು ಹಿಡಿದು ಕಳಿಸಿದೆ.

ಫೋಲಾಶಾದೆಯ ಉತ್ತರವನ್ನು ರುಮೈಸಾ ಓದಿ ಹೇಳಿದಳು. "ಇದು ನಮ್ಮ ಭಾಷೆ ಅಲ್ಲಪ್ಪ. ಲಾಗೋಸಿನಲ್ಲಿ ಎಲ್ಲ ಕಡೆಯವರೂ ಇರ್ತಾರೆ. ಬೆನಿನ್ ಸಿಟಿಯ ಕಡೆ ಎದೊ ಎಂಬ ಭಾಷೆ ಉಂಟು, ಅವರು ನೀರಿಗೆ ಅಮೆ ಎನ್ನುವುದನ್ನು ಕೇಳಿದ್ದೇನೆ. ಎರಡು ವಾರ ಆ ಮನುಷ್ಯನನ್ನು ಬಾಯಾರಿಸಿದೆವಾ ನಾವು?"

ಬಹಳ ಹಿಂದೆ, ನಾನು ಬಂದು ಏಳನೆಯ ವರ್ಷ, ಹಲ್ಲುನೋವಿಗೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ದಕ್ಷಿಣ ಭಾರತದವನೆಂದು ತಮಿಳು ಬಲ್ಲ ಒಬ್ಬನನ್ನು ಕರೆತಂದರು. ಅವನು ಅಷ್ಟು ಪ್ರೀತಿಯಿಂದ ಕೇಳುವಾಗ ನನಗೆ ತಮಿಳು ಬಾರದೆನ್ನಲು ಮನಸ್ಸಾಗದೆ ಎಲ್ಲದಕ್ಕೂ ತಲೆಯಾಡಿಸಿದೆ. ಒಳ್ಳೆಯ ಹಲ್ಲು ಹೋಯಿತು, ನೋಯುವ ಹಲ್ಲು ಉಳಿಯಿತು. ಅಷ್ಟೆಲ್ಲ ಗೊತ್ತಿದ್ದೂ ನಾನು ಜುಮಾನಿಗೆ ಅದನ್ನೇ ಮಾಡಿದ್ದೆ.

ಗಂಟಲಿಗೆ ಸಿಕ್ಕದ ಹಾಗೆ ಪುಡಿ ಬೆರೆಸಿ ದಪ್ಪ ಮಾಡಿದ ನೀರನ್ನು ಚಮಚದಲ್ಲಿ ಹಿಡಿದು, "ಅಮೆ" ಎಂದೆ. ಜುಮಾ ಗೋಡೆಯಿಂದ ಈಚೆ ತಿರುಗಿದ. ಆರು ಚಮಚ ಕುಡಿದ.

ಫೋಲಾಶಾದೆಯೇ ಹುಡುಕಿ ಒಸಾರೊ ಎಂಬವನನ್ನು ಕೊಟ್ಟಳು. ಬೆನಿನ್ ಸಿಟಿಯಲ್ಲಿ ಮೇಷ್ಟ್ರಾಗಿ ನಿವೃತ್ತನಾದವನು. ತಮ್ಮ ಭಾಷೆ ಮರೆತವರಿಗೆ ಫೋನಿನಲ್ಲಿ ಒಂದು ಗುಂಪು ಕಟ್ಟಿ ಪಾಠ ಹೇಳುತ್ತಿದ್ದ. ಒವಾ ಎಂದರೆ ಮನೆ, ಇಯೆ ತಾಯಿ, ಎರಾ ತಂದೆ, ಬೆಳಗಿನ ನಮಸ್ಕಾರಕ್ಕೆ ಒಬೋವಿಯೆ. ಈ ಮಾತುಗಳಿಗೆ ಜುಮಾ ರೆಪ್ಪೆಯಾಡಿಸುತ್ತಿದ್ದ, ಕೆಲವಕ್ಕೆ ತಿರುಗಿ ಅದನ್ನೇ ಹೇಳುತ್ತಿದ್ದ. ಆದರೆ ಮನೆ ಎಲ್ಲಿ, ಯಾರಿದ್ದಾರೆ ಎಂದು ಕೇಳಿದರೆ ಬಾಯಿ ತೆರೆದು ಸುಮ್ಮನಾಗುತ್ತಿದ್ದ.

ಜನವರಿಯ ಎರಡನೆಯ ವಾರ ನಾನು ಒಸಾರೊನಿಗೆ ಒಂದು ಪ್ರಶ್ನೆ ಕಳಿಸಿದೆ. ಒಬೋವಿಯೆ ಯಾರಿಗೆ ಬೇಕಾದರೂ ಹೇಳುವ ಮಾತು. ಜುಮಾ ನನಗಿಂತ ನಾಲ್ಕು ವರ್ಷ ದೊಡ್ಡವನು. ಬೆಳಿಗ್ಗೆ ಎದ್ದು ದೊಡ್ಡವರಿಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ಅವನು ಬಹಳ ಸಂತೋಷಪಟ್ಟು, ಮೊಣಕಾಲೂರಿ ಹೇಳಬೇಕು ಎಂದು ತಿಳಿಸಿ, "ಲಾವಿಯೇಜೆ" ಎಂದು ಕಲಿಸಿದ.

ಮರುದಿನ ಬೆಳಿಗ್ಗೆ ಜುಮಾನ ಮುಖ ಒರೆಸಿದ ಮೇಲೆ ಮಂಚದ ಕಂಬಿ ಹಿಡಿದು ಕಷ್ಟದಲ್ಲಿ ಮೊಣಕಾಲೂರಿದೆ. "ಲಾವಿಯೇಜೆ."

ಜುಮಾ ಎಡಗೈಯಿಂದ ತಟ್ಟೆಗೆ ಹೊಡೆದ. ಗಂಜಿ ನನ್ನ ಭುಜದ ಮೇಲೆ ಚೆಲ್ಲಿತು. ಅವನ ಕಣ್ಣು ಕೆಂಪಾಗಿತ್ತು. ಅರ್ಧ ಬಾಯಿಯಿಂದ ಎಳೆದೆಳೆದು ಒಂದು ಮಾತು ಹೇಳಿದ. "ಲಾತೋಸೆ." ನಾನು ಏಳುವವರೆಗೆ ನಾಲ್ಕು ಸಲ ಹೇಳಿದ.

ರುಮೈಸಾ ಓಡಿಬಂದಳು. "ಎಂತ ಹೇಳಿದ್ರಿ ಅವನಿಗೆ? ಬಿಪಿ ನೋಡಿ ಎಲ್ಲಿ ಹೋಯ್ತು."

"ನಮಸ್ಕಾರ ಹೇಳಿದೆ ಸಿಸ್ಟರ್."

"ನಿಮ್ಮ ನಮಸ್ಕಾರದಿಂದ ಒಬ್ಬರು ಸಾಯ್ಲಿಕ್ಕುಂಟು. ಹೋಗಿ ಅಂಗಿ ತೊಳ್ಕೊಳ್ಳಿ."

ಅಂಗಿ ತೊಳೆದುಕೊಳ್ಳುವ ಮೊದಲು ಒಸಾರೊನಿಗೆ ಅದನ್ನು ತಿಳಿಸಿದೆ. ಅವನ ಉತ್ತರವನ್ನು ರುಮೈಸಾ ಎರಡು ಸಲ ಓದಿದಳು. ತಪ್ಪು ನನ್ನದು ಎಂದು ಅವನು ಬರೆದಿದ್ದ. ಬೆಳಿಗ್ಗೆ ದೊಡ್ಡವರಿಗೆ ಹೇಳುವ ಮಾತು ನಮ್ಮಲ್ಲಿ ಎಲ್ಲರಿಗೂ ಒಂದೇ ಅಲ್ಲ. ತಂದೆಯ ಕಡೆಯಿಂದ ಒಂದೊಂದು ಕುಲಕ್ಕೆ ಒಂದೊಂದು. ಅದನ್ನು ಕೇಳಿಯೇ ಯಾರ ಮನೆಯವನೆಂದು ತಿಳಿಯುತ್ತಾರೆ. ನಾನು ನನ್ನ ಮನೆಯದನ್ನು ಕೊಟ್ಟೆ, ಅರುವತ್ತೆಂಟು ವರ್ಷ ಹೇಳಿ ಹೇಳಿ ಬೇರೆಯದು ಇದೆ ಎನ್ನುವುದೇ ಮರೆತಿತ್ತು. ಅವನು ತನ್ನ ಮನೆಯದನ್ನು ನಿನಗೆ ಹೇಳಿದ್ದಾನೆ.

"ಓದಿದ್ದು ಅರ್ಥ ಆಯ್ತಾ ನೋಣಯಣ್ಣ?" ಎಂದಳು ರುಮೈಸಾ.

"ನಮ್ಮ ಬರಿ ಇದ್ದ ಹಾಗೆ" ಎಂದೆ.

ನಮ್ಮ ತುಳುವರಲ್ಲಿ ಬರಿ ಎಂದರೆ ಕುಲದ ಹೆಸರು, ನಮಗೆ ಅದು ತಾಯಿಯ ಕಡೆಯಿಂದ. ಮದುವೆಯ ಮಾತಿಗೆ ಕೂತರೆ ಮೊದಲು ಕೇಳುವುದು ಅದನ್ನೇ. ಎರಡೂ ಕಡೆ ಒಂದೇ ಬರಿಯಾದರೆ ಎಲೆಯಡಿಕೆ ತಟ್ಟೆ ಅಲ್ಲಿಗೇ ಒಳಗೆ ಹೋಗುತ್ತದೆ. ಒಬ್ಬನ ಮುಂದೆ ನಿಂತು ಬೇರೆ ಬರಿ ಹೇಳಿ ಇದು ನಿನ್ನದೆಂದರೆ ನಾನೂ ತಟ್ಟೆಗೆ ಹೊಡೆಯುತ್ತಿದ್ದೆ.

ಒಸಾರೊ ತನ್ನ ಗುಂಪಿನಲ್ಲಿ ಸುದ್ದಿ ಹಾಕಿದ: ಲಾತೋಸೆ ಹೇಳುವ ಮನೆಯವನು, ಫ್ರೈಡೇ ಎಂದು ಹೆಸರು, ಲಾಗೋಸಿನಲ್ಲಿದ್ದವನು, ಸೌದಿಗೆ ಹೋದವನು. ಆ ಮಾತು ಹೇಳುವ ಮನೆಗಳು ಬಹಳ ಇದ್ದವು. ಅವರು ಒಬ್ಬರಿಂದೊಬ್ಬರಿಗೆ ಕಳಿಸಿದರು. ಒಂಬತ್ತು ದಿನದ ಮೇಲೆ ಇಸೋಕೆನ್ ಎಂಬ ಹೆಂಗಸಿನಿಂದ ಒಂದು ಹಳೆಯ ಪಟ ಬಂತು. ಗ್ಯಾರೇಜಿನ ಮುಂದೆ ನಿಂತ ಯುವಕ. ನನ್ನ ಅಣ್ಣ ಹೌದಾದರೆ ಎಡಗಿವಿಯ ಹಿಂದೆ ಸುಟ್ಟ ಗುರುತು ಇರಬೇಕು, ಎಣ್ಣೆ ಸಿಡಿದದ್ದು ಎಂದು ಬರೆದಿದ್ದಳು.

ನೋಡಲು ಹೋಗಬೇಕಾಗಿರಲಿಲ್ಲ. ನಾನು ದಿನಾ ಒರೆಸುವ ಕಿವಿ ಅದು. ಇದೆ ಎಂದು ತಿಳಿಸಿದೆ.

ಎರಡು ದಿನ ಅವಳಿಂದ ಸುದ್ದಿಯಿರಲಿಲ್ಲ. ಮೂರನೆಯ ದಿನ ಒಸಾರೊ ಅವಳ ಮಾತನ್ನು ತಲುಪಿಸಿದ. ತಂದೆ ಸಾಯುವಾಗ ಅವನನ್ನು ಕೂಗುತ್ತಿದ್ದರು. ಅವನು ಬರಲಿಲ್ಲ, ಒಂದು ಫೋನು ಮಾಡಲಿಲ್ಲ. ಹನ್ನೊಂದು ವರ್ಷದ ಮೇಲೆ ಅರ್ಧ ಮೈ ತೆಗೆದುಕೊಂಡು ಬರುವವನಿಗೆ ನಾನು ಸಹಿ ಹಾಕುವುದಿಲ್ಲ.

ಯಹ್ಯಾ ಬಾಗಿಲಲ್ಲೇ ನಿಂತು ಕೇಳಿದ. "ಸಿಕ್ಕಿದ್ರಂತಲ್ಲ. ಸಹಿ?"

"ಇಲ್ಲ."

"ಇನ್ನು ಹನ್ನೆರಡು ದಿನ ಉಂಟು, ಅಷ್ಟೇ." ಅವನು ಫೈಲು ಮುಚ್ಚಿ ಕಂಕುಳಲ್ಲಿಟ್ಟುಕೊಂಡ. "ನನ್ನಣ್ಣನೂ ಹೀಗೇ. ಅವ ಫೋನ್ ಮಾಡಿದ್ರೆ ನಾನು ಎತ್ತುದಿಲ್ಲ."

ಆ ತಟ್ಟೆಯ ದಿನದಿಂದ ಈಚೆ ಜುಮಾ ಒಂದು ಹೊಸ ಅಭ್ಯಾಸ ಹಿಡಿದಿದ್ದ. ಪ್ರತಿದಿನ ಬೆಳಿಗ್ಗೆ ಐದೂಮುಕ್ಕಾಲರ ಹೊತ್ತಿಗೆ, ನಾನು ಒಳಗೆ ಕಾಲಿಡುವಾಗ, ಗೋಡೆಗೆ ಮುಖಮಾಡಿ ಅದೇ ಲಾತೋಸೆ ಹೇಳುತ್ತಿದ್ದ. ನನ್ನನ್ನು ತಿದ್ದುತ್ತಿದ್ದಾನೆ ಎಂದುಕೊಂಡಿದ್ದೆ. ಬೇರೇನೂ ಕೇಳಲು ತೋಚದೆ ಅದನ್ನೇ ಒಸಾರೊನಿಗೆ ಹೇಳಿದೆ.

ಒಸಾರೊ ತಿರುಗಿ ಕೇಳಿದ: ಅದು ಚಿಕ್ಕವರು ದೊಡ್ಡವರಿಗೆ ಹೇಳುವ ಮಾತು. ಅರುವತ್ತಾರು ವರ್ಷದವನು ಆ ವಾರ್ಡಿನಲ್ಲಿ ಯಾವ ದೊಡ್ಡವರಿಗೆ ಹೇಳುತ್ತಿದ್ದಾನೆ?

ಮರುದಿನ ಬೆಳಿಗ್ಗೆ ಧ್ವನಿ ಹಿಡಿಯಲು ಫೋನನ್ನು ದಿಂಬಿನ ಪಕ್ಕ ಇಟ್ಟೆ. ಜುಮಾ ಎಡಗೈಯನ್ನು ಎದೆಯ ಮೇಲೆ ಎಳೆದುಕೊಂಡ, ತಲೆ ತಗ್ಗಿಸಲು ನೋಡಿದ. "ಲಾತೋಸೆ" ಎಂದ. ಉಸಿರು ಬಿಟ್ಟು, ನಾನು ಈವರೆಗೆ ಹತ್ತಿರ ನಿಂತು ಕೇಳಿರದ ಇನ್ನೊಂದು ಮಾತು ಸಣ್ಣಗೆ ಸೇರಿಸಿದ. "ಎರಾ."

ತಂದೆ ಎನ್ನುವ ಮಾತು. ನನ್ನ ಕ್ಯಾಲೆಂಡರ್ ಹಾಳೆಯಲ್ಲಿ ಅದು ಮೂರನೆಯ ಸಾಲಿನಲ್ಲಿತ್ತು.

ಒಂದಕ್ಷರ ಸೇರಿಸದೆ ಅದನ್ನು ಹಾಗೆಯೇ ಇಸೋಕೆನ್‌ಳಿಗೆ ಕಳಿಸಿಕೊಡು ಎಂದು ಒಸಾರೊನಿಗೆ ಹೇಳಿದೆ. ಆ ದಿನ ಅವಳಿಂದ ಏನೂ ಬರಲಿಲ್ಲ. ನಾನು ಆರು ಹಾಸಿಗೆಯ ಬಟ್ಟೆ ಬದಲಿಸಿದೆ. ಶೈಲೇಶ್ ಬಂಗುಡೆ ಸಾರು ಮಾಡಿದ್ದ. ಊಟ ಮಾಡುವಾಗ ಮೂರು ಸಲ ಫೋನು ನೋಡಿದೆನೆಂದು ನಕ್ಕ, ಆಮೇಲೆ ನಗಲಿಲ್ಲ.

ಅವಳ ಉತ್ತರ ಮರುದಿನ ಬೆಳಿಗ್ಗೆ ಬಂತು, ಧ್ವನಿಯಲ್ಲಿ, ನೇರ ನನಗೇ. ನಾನು ಮೊದಲು ಕೇಳದೆ ಜುಮಾನ ಕಿವಿಯ ಹತ್ತಿರ ಹಿಡಿದು ಒತ್ತಿದೆ. ಮೊದಲು ಒಂದು ಕೋಳಿ ಕೂಗಿತು. ಬಟ್ಟೆ ಸರಿದ ಸದ್ದು, ಮೊಣಕಾಲೂರುವಾಗ ವಯಸ್ಸಾದವರು ಬಿಡುವ ಉಸಿರು. ಆಮೇಲೆ ಒಂದೇ ಮಾತು.

"ಲಾತೋಸೆ."

ಜುಮಾ ಉತ್ತರ ಕೊಟ್ಟ. ಉದ್ದದ ಮಾತು, ನಾನು ಕಲಿತ ಯಾವುದೂ ಅದರಲ್ಲಿರಲಿಲ್ಲ. ಮುಗಿಯುವವರೆಗೆ ಫೋನು ಹಿಡಿದುಕೊಂಡಿದ್ದೆ. ರುಮೈಸಾ ಬಂದವಳು ಪರದೆ ಎಳೆದು ಹೋದಳು. ಅದೇನು ಹೇಳಿದ ಎಂದು ನಾನು ಒಸಾರೊನನ್ನು ಕೇಳಲಿಲ್ಲ.

ಸಹಿಯ ಕಾಗದ ಫೆಬ್ರವರಿ ಆರಕ್ಕೆ ಎಂಬೆಸಿಗೆ ಬಂತು. ಮುದ್ರೆ ಬೀಳಲು, ಜೊತೆಗೆ ಹೋಗುವ ನರ್ಸ್ ನಿಗದಿಯಾಗಲು ಮತ್ತೆ ಮೂರು ವಾರ ಹಿಡಿಯಿತು. ಆ ಮೂರು ವಾರ ಬೆಳಿಗ್ಗೆ ಅಣ್ಣ ತಂಗಿ ಇಬ್ಬರೂ ಒಬ್ಬರಿಗೊಬ್ಬರು ಮಾತು ಕಳಿಸುತ್ತಿದ್ದರು, ನಾನು ಫೋನು ಹಿಡಿಯುತ್ತಿದ್ದೆ. ಗೋಡೆಯ ಕಡೆ ಹೇಳುವುದನ್ನು ಅವನು ನಿಲ್ಲಿಸಲಿಲ್ಲ. ಮೊದಲು ಗೋಡೆಗೆ, ಆಮೇಲೆ ಫೋನಿಗೆ.

ಹೊರಡುವ ದಿನ ಕಫೀಲ್ ಹೊಸ ಜಾಕೆಟ್ ತಂದುಕೊಟ್ಟ. ಬಲತೋಳು ಹಾಕಲು ನಾನೂ ಯಹ್ಯಾನೂ ಬಹಳ ಕಷ್ಟಪಟ್ಟೆವು. ಆಂಬುಲೆನ್ಸಿನ ಬಾಗಿಲು ಹಾಕುವ ಮೊದಲು ಮೆಟ್ಟಿಲ ಮೇಲೆ ನಿಂತು, ಅವನ ಮನೆಯ ಮಾತನ್ನು ಅವನಿಗೆ ಹೇಳಿದೆ. ನಾನು ಆ ಮನೆಯವನಲ್ಲ, ಹೇಳಬಹುದೋ ಬಾರದೋ ಗೊತ್ತಿರಲಿಲ್ಲ. ಜುಮಾ ಎಡಗೈಯನ್ನು ನನ್ನ ತಲೆಯ ಮೇಲಿಟ್ಟು ತೆಗೆದ. ಹೊರಡುವ ಅವಸರದಲ್ಲಿ "ಯಲ್ಲಾ" ಎಂದ ಡ್ರೈವರ್.

ಯಹ್ಯಾ ಹೊರಗೆ ಅಂಗಳದಲ್ಲಿ ಯಾರಿಗೋ ಫೋನು ಮಾಡುತ್ತಿದ್ದ. ನಾನು ಒಳಗೆ ಹೋಗಿ ಹಾಸಿಗೆ ಹದಿನಾಲ್ಕರ ಬಟ್ಟೆ ಎಳೆದೆ. ಫ್ರೈಡೇ ಜಾನ್ ಹೋದದ್ದು ಫೆಬ್ರವರಿ ಇಪ್ಪತ್ತೇಳು, ಮಂಗಳವಾರ.