ರುಕಿಯಮ್ಮ ಆಡಿ ನೋಡದೆ ಸೇರಿಸುವಂತಿಲ್ಲ

ಚೆನ್ನೆಮಣೆಯ ಆಟದಲ್ಲಿ ನಾನು ನನ್ನ ಅಮ್ಮನಿಗೆ ಒಮ್ಮೆಯೂ ಸೋತವಳಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಅಮ್ಮನ ಹೆಸರು ಶ್ರೀಮತಿ. ನಮ್ಮ ಊರು ಅಜೆಕಾರಿನಲ್ಲಿ ಅವಳೆದುರು ಮಣೆ ಇಟ್ಟು ಕೂರಲು ದೊಡ್ಡವರೇ ಹೆದರುತ್ತಿದ್ದರು. ನನಗೆ ಹತ್ತು ವರ್ಷವಾಗುವಾಗ ತೀರಿಕೊಂಡಳು. ಅವಳದ್ದೊಂದು ಫೋಟೋ ಕೂಡ ಇಲ್ಲ.

೧೯೮೭ರಲ್ಲಿ ಕಾರ್ಕಳದ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಲೆಕ್ಕದ ಟೀಚರ್ ಎಂಬ ಒಂದೇ ಕಾರಣಕ್ಕೆ ಹೆಡ್‌ಮಾಸ್ಟರರು ಅದರ ಬೀಗದ ಕೈ ನನ್ನ ಕೈಗೆ ಹಾಕಿದರು. ಈ ಪೆಟ್ಟಿಗೆಗೆ ಚೆನ್ನೆ ಆಡಲು ಬರುತ್ತದೋ ಎಂದು ನನಗೆ ಕುತೂಹಲ ಹುಟ್ಟಿತು. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಒಟ್ಟು ಐವತ್ತಾರು ಕಾಯಿ. ಇಷ್ಟು ಕಲಿಸಲು ಎಂತ ಕಷ್ಟ ಎಂದುಕೊಂಡೆ. ಎರಡು ತಿಂಗಳು ತಲೆ ಚಚ್ಚಿಕೊಂಡ ಮೇಲೆ ಅದು ಆಡಿತು. ಬೇಕಾದವರು ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತೆಗೆದುಕೊಂಡು ಹೋಗಬಹುದು, ತಿದ್ದಬೇಕೆನಿಸಿದರೆ ತಿದ್ದಿ ಹಿಂದೆ ಕಳಿಸಬಹುದು ಎಂದು ಎಲ್ಲರಿಗೂ ಹೇಳಿದೆ.

ಅಯ್ಯೋ, ಹಾಗೆ ಹೇಳಬಾರದಿತ್ತು! ಒಂದೊಂದು ಮನೆಯಲ್ಲಿ ಒಂದೊಂದು ಕ್ರಮ, ಪ್ರತಿಯೊಬ್ಬರಿಗೂ ಅವರವರ ಅಜ್ಜಿಯ ಆಟವೇ ಸರಿ. ಮಣಿಪಾಲದಲ್ಲಿ ಗುಮಾಸ್ತನಾಗಿದ್ದ ಹಯಗ್ರೀವ ತನ್ನ ಮನೆಯ ಕ್ರಮ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ದುಬೈಯಲ್ಲಿದ್ದ ಅಣ್ಣನಿಂದ ಅಂಥದ್ದೇ ಕಂಪ್ಯೂಟರ್ ತರಿಸಿಕೊಂಡಿದ್ದ ಕಾಪುವಿನ ಸಲಾಂ ಅದೇ ವಾರ ತನ್ನ ಮನೆಯದ್ದನ್ನು ಕಳಿಸಿದ. ನಾನು ಎರಡನ್ನೂ ಕಣ್ಣು ಮುಚ್ಚಿ ಸೇರಿಸಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಕರೆಸಿ ಆಡಿ ನೋಡಿದರೆ ಐವತ್ತಾರು ಕಾಯಿಯ ಆಟದಲ್ಲಿ ಅರವತ್ತೊಂದು ಕಾಯಿ!

"ನನ್ನದು ಸರಿ ಉಂಟು," ಎಂದ ಹಯಗ್ರೀವ. "ನನ್ನದೂ ಸರಿ ಉಂಟಲ್ಲ ಮಾರಾಯ," ಎಂದ ಸಲಾಂ. ವಿಚಿತ್ರವೆಂದರೆ ಇಬ್ಬರದ್ದೂ ಬೇರೆ ಬೇರೆಯಾಗಿ ಸರಿಯೇ ಇತ್ತು. ಎರಡೂ ಒಟ್ಟು ಸೇರಿದಾಗ ಒಂದೇ ಗುಳಿಯ ಕಾಯಿಯನ್ನು ಎರಡು ಸಲ ಎಣಿಸುತ್ತಿದ್ದವು. ಮೂರು ಶನಿವಾರ ಅದನ್ನು ಹುಡುಕುವುದರಲ್ಲೇ ಹೋಯಿತು.

ಆಗ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಒಂದು ನಿಯಮ ಹುಟ್ಟುತ್ತದೆ, ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ರಿಜಿಸ್ಟರ್ ಮಾಡಿದೆ. ಇನ್ನು ಮುಂದೆ ಯಾರೂ ತಮ್ಮ ತಿದ್ದುಪಡಿಯನ್ನು ತಾವೇ ಒಪ್ಪಿಕೊಳ್ಳುವಂತಿಲ್ಲ. ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಓದಬೇಕು, ಓದಿದಂತೆಯೇ ನಿಜವಾದ ಮಣೆಯ ಮೇಲೆ ನಿಜವಾದ ಕಾಯಿಯಿಂದ ಆಡಿ ನೋಡಬೇಕು. ಪಾಸಾದರೆ ಆ ಕ್ರಮ ಯಾರ ಮನೆಯದ್ದೋ ಅವರ ಹೆಸರು ಪರದೆಯ ಮೇಲೆ ಬರುತ್ತದೆ.

ಆಡಿ ನೋಡುವ ಕೆಲಸ ಸಲಾಮನ ತಾಯಿ ರುಕಿಯಮ್ಮನಿಗೆ ಬಿತ್ತು. ಅವರಿಗೆ ಓದಲು ಬಾರದು, ಕಂಪ್ಯೂಟರನ್ನಂತೂ ಮುಟ್ಟಿಯೂ ಗೊತ್ತಿಲ್ಲ. ಶನಿವಾರ ಮಗನ ಜೊತೆ ನಮ್ಮ ಶಾಲೆಗೆ ಬರುತ್ತಿದ್ದರು. ಸಲಾಂ ಒಂದೊಂದು ಸಾಲಿನ ಅರ್ಥ ಹೇಳುತ್ತಿದ್ದ, ಅವರು ಮಂಜೊಟ್ಟಿ ಮರದ ಕೆಂಪು ಬೀಜದ ಕಾಯಿಗಳನ್ನು ನಡೆಸುತ್ತಿದ್ದರು. ನಾವೆಲ್ಲ ಬರೆದವನ ಮನಸ್ಸಿನಲ್ಲಿ ಇದ್ದದ್ದನ್ನು ಊಹಿಸಿಕೊಂಡು ಓದುತ್ತಿದ್ದೆವು. ರುಕಿಯಮ್ಮ ಹೇಳಿದಷ್ಟೇ ಮಾಡುತ್ತಿದ್ದರು, ಒಂದು ಕಾಯಿ ಹೆಚ್ಚಿಲ್ಲ, ಒಂದು ಕಾಯಿ ಕಡಿಮೆ ಇಲ್ಲ. ಸ್ವಂತ ಮಗನ ತಿದ್ದುಪಡಿಯನ್ನೇ ಮೂರು ಸಲ ಹಿಂದೆ ಕಳಿಸಿದರು, ಗಟ್ಟಿ ಹೆಂಗಸು.

ಮರುವರ್ಷ ನಮ್ಮ ಪ್ರೋಗ್ರಾಮನ್ನು ಹನ್ನೊಂದು ಶಾಲೆಯವರು ಕೇಳಿದರು. ಸೋಮವಾರ ಫ್ಲಾಪಿ ಕಳಿಸಬೇಕು, ತಿದ್ದುಪಡಿ ಸೇರಿಸಲು ಅದರ ಹಿಂದಿನ ಶನಿವಾರ ಕೊನೆಯ ದಿನ. ಪರದೆಯಲ್ಲಿ ಆಗಲೇ ಒಂಬತ್ತು ಹೆಸರು ಇದ್ದವು. ಹತ್ತನೆಯದಾಗಿ ನನ್ನ ಅಮ್ಮನ ಹೆಸರು ಬರಬೇಕೆಂದು ನನಗೆ ಆಸೆ. ಎಲ್ಲೂ ಉಳಿಯದ ಹೆಸರು ಹನ್ನೊಂದು ಊರಿನಲ್ಲಿ ಬೆಳಗುತ್ತದಲ್ಲ! ಅಮ್ಮನ ಕ್ರಮ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಚೆನ್ನೆಯಲ್ಲಿ ಒಂದು ಸುತ್ತು ಮುಗಿದಾಗ ಗೆದ್ದ ಕಾಯಿಗಳಿಂದ ಅವರವರ ಗುಳಿ ತುಂಬಬೇಕು. ಒಂದು ಗುಳಿಯನ್ನೂ ತುಂಬಲಾಗದವರು ಸೋತರು, ಅಲ್ಲಿಗೆ ಆಟ ಮುಗಿಯಿತು. ಆದರೆ ಅಮ್ಮ ಹಾಗೆ ಬರಿಗೈಯಾದವರಿಗೆ ಎದುರಿನವರು ನಾಲ್ಕು ಕಾಯಿ ಕೊಡಬೇಕು ಎನ್ನುತ್ತಿದ್ದಳು. ಐದೇ ಸಾಲಿನ ತಿದ್ದುಪಡಿ.

"ನಿಮ್ಮದಕ್ಕೆ ಎಂತ ಪರೀಕ್ಷೆ ಟೀಚರ್, ಸೇರಿಸಿಬಿಡಿ," ಎಂದ ಹಯಗ್ರೀವ. ಸುಳ್ಳು ಯಾಕೆ, ನನ್ನ ಬೆರಳು ಕೀಬೋರ್ಡಿನ ಮೇಲೆ ಇತ್ತು.

"ನನ್ನ ಮಗನದ್ದು ಮೂರು ಸಲ ವಾಪಸು ಹೋಗಿದೆ, ಅಲ್ವಾ ಟೀಚರೇ?" ಎಂದರು ರುಕಿಯಮ್ಮ, ಮಡಚಿದ ಮಣೆಯನ್ನು ಬಿಡಿಸುತ್ತಾ.

ನಾನು ಮುಖ ಊದಿಸಿಕೊಂಡು ಕಾಗದ ಕೊಟ್ಟೆ. ಸಲಾಂ ಓದಿದ. ರುಕಿಯಮ್ಮ ಎರಡೂ ಕಡೆಗೆ ತಾವೇ ಆಡಿದರು. ಒಂದು ಕಡೆ ಬರಿದಾಯಿತು, ನಾಲ್ಕು ಕಾಯಿ ಕೊಟ್ಟರು. ಮತ್ತೆ ಬರಿದಾಯಿತು, ಮತ್ತೆ ಕೊಟ್ಟರು. ಹೊರಗೆ ಉಡುಪಿಯ ಬಸ್ಸು ಎರಡು ಹೋದವು. ಐದನೆಯ ಸಲ ಕೊಟ್ಟ ಮೇಲೆ ರುಕಿಯಮ್ಮ ಕೈ ನಿಲ್ಲಿಸಿದರು.

"ಇದು ಮುಗಿಯುವ ಆಟ ಅಲ್ಲ ಟೀಚರೇ. ಕಂಪ್ಯೂಟರ್ ಹೀಗೇ ಕೊಡುತ್ತಾ ಕೂರುತ್ತದೆ."

ಲೆಕ್ಕದ ಟೀಚರ್! ಮೊದಲ ನೋಟಕ್ಕೇ ಕಾಣಬೇಕಾದದ್ದು ನನಗೆ ಕಂಡಿರಲಿಲ್ಲ. "ನಮ್ಮ ಮನೆಯಲ್ಲಿ ಮುಗಿಯುತ್ತಿತ್ತು," ಎಂದು ವಾದಿಸಿದೆ.

"ಹೇಗೆ ಮುಗಿಯುತ್ತಿತ್ತು?"

"ಅಮ್ಮ ‘ಊಟಕ್ಕೆ ಎದ್ದೇಳು’ ಅನ್ನುತ್ತಿದ್ದಳು."

"ಬರಿಗೈ ಆಗುತ್ತಿದ್ದದ್ದು ಯಾರು?"

ಕೆಂಪು ಕಾಯಿ ಹಿಡಿದು ನನ್ನ ಕಡೆಗೆ ಚಾಚಿದ ಅಮ್ಮನ ಕೈ ನೆನಪಾಯಿತು. ಯಾವಾಗಲೂ ಅದೇ ಕೈ. ನನ್ನ ಕೈ ಆಚೆ ಚಾಚಿದ್ದು ಒಮ್ಮೆಯೂ ನೆನಪಿಗೆ ಬರಲಿಲ್ಲ.

"ನಾನು," ಎಂದೆ.

ರುಕಿಯಮ್ಮ ನಗಲಿಲ್ಲ. "ಅದು ಚೆನ್ನೆಯ ಕ್ರಮ ಅಲ್ಲ ಮಗಾ," ಎಂದರು, ಮೊದಲ ಬಾರಿಗೆ ಟೀಚರ್ ಎನ್ನುವುದನ್ನು ಬಿಟ್ಟು. "ಅದನ್ನು ನಿಮ್ಮಮ್ಮ ನಿನಗೋಸ್ಕರ ಮಾಡಿದ್ದು."

ನನಗೆ ಅಳು ಬಂತು. ಹಯಗ್ರೀವ ಕಿಟಕಿಯ ಕಡೆ ತಿರುಗಿದ. ನಾನು ಮೂಗು ಒರೆಸಿಕೊಂಡು ರಿಜಿಸ್ಟರ್ ಎಳೆದುಕೊಂಡು ಬರೆದೆ: "ಅಜೆಕಾರು ಶ್ರೀಮತಿಯವರ ಕ್ರಮ. ನೋಡಿದವರು ರುಕಿಯಮ್ಮ. ಸೇರಿಸಿಲ್ಲ. ಕಾರಣ, ಆಟ ಮುಗಿಯುವುದಿಲ್ಲ." ಕೆಳಗೆ ನರ್ಮದಾ ಎಂದು ಸಹಿ ಹಾಕಿದೆ. ಸೋಮವಾರ ಹನ್ನೊಂದು ಫ್ಲಾಪಿಗಳು ಒಂಬತ್ತೇ ಹೆಸರು ಹೊತ್ತು ಹೋದವು.

ಅದಕ್ಕೆ ಮೊದಲು, ಆ ಶನಿವಾರವೇ, ರುಕಿಯಮ್ಮ ಕಾಯಿಗಳನ್ನು ನಾಲ್ಕು ನಾಲ್ಕರಂತೆ ತುಂಬಿ ಮಣೆಯನ್ನು ನನ್ನೆದುರು ಇಟ್ಟರು. ಸರಿಯಾದ ಕ್ರಮದಲ್ಲಿ ಆಡಿದೆವು. ಮೂರನೆಯ ಸುತ್ತಿಗೆ ನನ್ನ ಕೈ ಬರಿದಾಯಿತು. ನಾನು ಅಭ್ಯಾಸಬಲದಿಂದ ಅಂಗೈ ಚಾಚಿದೆ. ರುಕಿಯಮ್ಮ ಕಾಯಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಅದರ ಬಾಯಿ ಕಟ್ಟಿದರು.